ಮೊಹರು ಬಿದ್ದ ಟರ್ಕಿ ಕೋಳಿ

ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಧೂಳು ಕುಡಿದ ಮನುಷ್ಯನಿಗೆ ಜನ ಇಟ್ಟ ಹೆಸರು ದಫ್ತರಪ್ಪ. ಹೆತ್ತವರು ಬೇರೇನೋ ಇಟ್ಟಿದ್ದರು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಯಾವ ಹಳೆಯ ಕಡತ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದವನಿಗೆ ಮನೆಯಲ್ಲಿ ಅವನ ಕನ್ನಡಕ ಎಲ್ಲಿದೆ ಎಂದು ಹೆಂಡತಿ ಹೇಳಬೇಕಾಗಿತ್ತು. ಇಂಥವನು ಅಡುಗೆಗೆ ಕೈ ಹಾಕಬಾರದಿತ್ತು. ಹಾಕಿದ.

ಅದು ಕಳೆದ ವರ್ಷದ ಮಾತು. ಹೆಂಡತಿಯ ತವರಿನ ಒಂಬತ್ತು ಜನರನ್ನು ಊಟಕ್ಕೆ ಕರೆದು, "ಇವತ್ತು ಕೋಳಿ ನಂದು, ಯಾರೂ ಅಡುಗೆಮನೆಗೆ ಬರಬೇಡಿ" ಎಂದು ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದ. ಕೋಳಿ ಹೊರಗೆ ಹೊಂಬಣ್ಣಕ್ಕೆ ತಿರುಗಿತ್ತು, ಒಳಗೆ ಮೂಳೆಯ ಹತ್ತಿರ ಕೆಂಪಗೇ ಇತ್ತು. "ಎಷ್ಟು ಮೆತ್ತಗಿದೆ!" ಎಂದು ಹೊಗಳಿ ತಿಂದರು ಪಾಪ. ಮರುದಿನ ಬೆಳಿಗ್ಗೆ ಒಂಬತ್ತು ಜನರಿಗೂ ಒಂದೇ ಕಡೆ ತುರ್ತು ಕೆಲಸ ಬಿತ್ತು. ಅವರ ಮನೆಯಲ್ಲಿ ಅಂಥ ಜಾಗ ಇದ್ದದ್ದು ಒಂದೇ. ಇಬ್ಬರಿಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಯಾರ ಪ್ರಾಣಕ್ಕೂ ಸಂಚಕಾರ ಬರಲಿಲ್ಲ. ಬಂದದ್ದು ನೆಂಟಸ್ತಿಕೆಗೆ.

ಹಾಗಂತ ಅವರು ಬರುವುದನ್ನು ಬಿಡಲಿಲ್ಲ, ಊಟ ಮುಗಿಸಿಕೊಂಡು ಬರತೊಡಗಿದರು. ಬೆಳಿಗ್ಗೆ ಹತ್ತು ಗಂಟೆಗೆ ಬಂದರೂ "ಈಗಷ್ಟೇ ಊಟ ಆಯ್ತು" ಎನ್ನುತ್ತಿದ್ದರು. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತಿದ್ದು, ಹೊರಡುವಾಗ ಕಿಟಕಿಯ ಕಟ್ಟೆಯ ಮೇಲೆ ತುಂಬಿದ ಲೋಟವನ್ನೇ ಇಟ್ಟು ಹೋಗುತ್ತಿದ್ದರು. ಅವರು ಹೋದ ಮೇಲೆ ಹೆಂಡತಿ ಆ ಒಂಬತ್ತು ಲೋಟದ ನೀರನ್ನು ಒಂದೊಂದಾಗಿ ಸಿಂಕಿಗೆ ಸುರಿಯುತ್ತಿದ್ದಳು. ಅದನ್ನು ನೋಡಿದಾಗೆಲ್ಲ ದಫ್ತರಪ್ಪನಿಗೆ ಸಂಕಟವಾಗುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಕಟಪಡುವವನು ಸುಮ್ಮನಿದ್ದರೆ ಕಥೆ ಹುಟ್ಟುವುದಿಲ್ಲ. ಒಂದು ದಿನ ಅತ್ತೆಯ ಮನೆಯಲ್ಲಿ, ಅತ್ತೆ ಬಡಿಸಿದ್ದನ್ನು ಉಣ್ಣುತ್ತಾ, ಯಾರೂ ಕೇಳದಿದ್ದರೂ ಬಾಯಿಬಿಟ್ಟ.

"ಮುಂದಿನ ಭಾನುವಾರ ನಮ್ಮ ಮನೇಲಿ ಊಟ. ಒಂದಲ್ಲ, ಮೂರು ಬಗೆ. ಕೋಳಿ, ಬಾತುಕೋಳಿ, ಟರ್ಕಿ ಕೋಳಿ. ಎಲ್ಲಾ ಶಾಸ್ತ್ರೋಕ್ತವಾಗಿ ಬೇಯಿಸ್ತೀನಿ."

ಕಳೆದ ವರ್ಷ ಗ್ಲೂಕೋಸ್ ಏರಿಸಿಕೊಂಡಿದ್ದ ಷಡ್ಡಕ ತನ್ನ ಮೊಣಕೈಯನ್ನು ಸವರಿಕೊಂಡ. ಅತ್ತೆ ಮಾತ್ರ ಗಂಭೀರವಾಗಿ ಹೇಳಿದರು: "ಆಗಲಿ ಅಳಿಯಂದ್ರೇ. ಖಂಡಿತ ಬರ್ತೀವಿ. ಊಟ ಮುಗಿಸ್ಕೊಂಡೇ ಬರ್ತೀವಿ."

ದಫ್ತರಪ್ಪ ಹಿಮ್ಮೆಟ್ಟಲಿಲ್ಲ. ಆರೋಗ್ಯ ಇಲಾಖೆಯ ಒಂದು ಕರಪತ್ರ ತಂದು, ಅದರಲ್ಲಿದ್ದದ್ದನ್ನೆಲ್ಲ ಹೊಸ ರಿಜಿಸ್ಟರಿನಲ್ಲಿ ಕಚೇರಿಯ ಭಾಷೆಗೆ ಇಳಿಸಿದ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯತಕ್ಕದ್ದಲ್ಲ, ಹನಿ ಸಿಡಿದು ಅಡುಗೆಮನೆಯೆಲ್ಲಾ ಕೆಡುತ್ತದೆ. ಹಸಿಗೆ ಒಂದು ಮಣೆ, ಬೆಂದದ್ದಕ್ಕೆ ಇನ್ನೊಂದು. ಹೆಪ್ಪುಗಟ್ಟಿದ ಹಕ್ಕಿಯನ್ನು ಫ್ರಿಜ್ಜಿನ ಕೆಳತಟ್ಟೆಯಲ್ಲೇ ನಿಧಾನವಾಗಿ ಕರಗಿಸತಕ್ಕದ್ದು. ಫ್ರಿಜ್ಜಿನ ಹೊರಗೆ ಎರಡು ಗಂಟೆ ಮೀರಿದರೆ ಮುಲಾಜಿಲ್ಲದೆ ಬಿಸಾಡತಕ್ಕದ್ದು. ಬಣ್ಣ ನೋಡಿ ಬೆಂದಿದೆ ಎಂದು ನಂಬತಕ್ಕದ್ದಲ್ಲ. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿ ಎಪ್ಪತ್ನಾಲ್ಕು ಡಿಗ್ರಿ ಕಾಣತಕ್ಕದ್ದು. ಈ ಕೊನೆಯ ಕಂಡಿಕೆಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದ.

ಬುಧವಾರ ಸಂಜೆ ಮೂರೂ ಹಕ್ಕಿಗಳು ಹೆಪ್ಪುಗಟ್ಟಿಯೇ ಬಂದವು. ಕೋಳಿ, ಬಾತುಕೋಳಿ ಮನೆಯ ಫ್ರಿಜ್ಜಿನಲ್ಲೇ ಹಿಡಿದವು. ಟರ್ಕಿ ಕೋಳಿ ಹಿಡಿಯಲಿಲ್ಲ. ಐದು ಕಿಲೋ ತೂಗುವ, ಕಲ್ಲಿನಂತೆ ಹೆಪ್ಪುಗಟ್ಟಿದ ಆ ಹಕ್ಕಿಯನ್ನು ಅಡ್ಡ ಇಟ್ಟರೆ ಬಾಗಿಲು ಹಾಕಲಾಗದು, ಉದ್ದ ಇಟ್ಟರೆ ಹಾಲಿಗೆ ಜಾಗವಿಲ್ಲ.

"ಕೆಳಗಿನ ಮನೆ ಟೈಲರ್ ಅಕ್ಕನ ಫ್ರಿಜ್ ದೊಡ್ಡದು. ಕೇಳಿ ನೋಡಿ" ಎಂದಳು ಹೆಂಡತಿ.

ಕೇಳುವುದೇನೋ ಸುಲಭ. ಆದರೆ ಕಳೆದ ವರ್ಷದ ಕೋಳಿಯ ಕೀರ್ತಿ ಕಟ್ಟಡದ ಮೂರು ಮಹಡಿಗೂ ಹಬ್ಬಿತ್ತು. ದಫ್ತರಪ್ಪ ಮುಟ್ಟಿದ ಹಕ್ಕಿ ಎಂದರೆ ಟೈಲರ್ ಅಕ್ಕ ಫ್ರಿಜ್ಜಿರಲಿ, ಬಾಗಿಲೊಳಗೇ ಸೇರಿಸುತ್ತಿರಲಿಲ್ಲ. ಆದ್ದರಿಂದ ಅವನು ಹಕ್ಕಿಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಅಂಚಿರುವ ಟ್ರೇಯಲ್ಲಿಟ್ಟು, ಮೇಲೆ ಕಂದು ಕಾಗದ ಸುತ್ತಿ, ಹುರಿಯಿಂದ ಬಿಗಿದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹುರಿ ಬಿಗಿದ ಮೇಲೆ ಇಪ್ಪತ್ತೆರಡು ವರ್ಷದಿಂದ ಆ ಕೈ ಒಂದೇ ಕೆಲಸ ಮಾಡುತ್ತ ಬಂದಿತ್ತು. ಅರಗು ಕಾಯಿಸಿ ಗಂಟಿನ ಮೇಲೆ ತೊಟ್ಟಿಕ್ಕಿಸಿ, ಬೀಗದ ಕೈ ಗೊಂಚಲಿನಲ್ಲಿದ್ದ ಕಚೇರಿಯ ಹಿತ್ತಾಳೆ ಮೊಹರನ್ನು ಒತ್ತಿತು. ದಫ್ತರಪ್ಪನಿಗೆ ತಾನೇನು ಮಾಡಿದೆ ಎಂಬುದು ಅರಗು ಆರಿದ ಮೇಲೆ ತಿಳಿಯಿತು. ಬಿಚ್ಚಿ ಮತ್ತೆ ಕಟ್ಟುವ ತಾಳ್ಮೆ ಇರಲಿಲ್ಲ. ಮೇಲೊಂದು ಚೀಟಿ ಅಂಟಿಸಿದ: "ಕೆಳತಟ್ಟೆಯಲ್ಲೇ ಇರತಕ್ಕದ್ದು. ಓರೆ ಮಾಡಬಾರದು. ಮುಟ್ಟಿದವರು ಸೋಪಿನಲ್ಲಿ ಕೈ ತೊಳೆಯತಕ್ಕದ್ದು."

"ಏನಿದು ದಫ್ತರಪ್ಪನೋರೇ?" ಟೈಲರ್ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ಆಫೀಸಿಂದು."

"ಫ್ರಿಜ್ಜಲ್ಲಿ ಇಡೋವಂಥದ್ದು ಆಫೀಸಲ್ಲಿ ಏನಿರುತ್ತೆ?"

"ಅದನ್ನೆಲ್ಲಾ ಹೇಳೋ ಹಾಗಿಲ್ಲಮ್ಮಾ" ಎಂದ ದಫ್ತರಪ್ಪ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತಾನೊಬ್ಬ ಮುಖ್ಯ ಮನುಷ್ಯ ಅನ್ನಿಸಿತು. ಅನ್ನಿಸಿದ್ದು ಮುಖದಲ್ಲೂ ಕಂಡಿತು.

ಟೈಲರ್ ಅಕ್ಕ ಮೊಹರು ನೋಡಿದಳು, ಚೀಟಿ ಓದಿದಳು, ಎದ್ದು ನಿಂತಳು. ಫ್ರಿಜ್ಜಿನ ಕೆಳತಟ್ಟೆಯಲ್ಲಿದ್ದ ತರಕಾರಿಯನ್ನೆಲ್ಲ ತೆಗೆದು ಎದುರುಮನೆಯ ಡ್ರಿಲ್ ಮೇಷ್ಟ್ರ ಫ್ರಿಜ್ಜಿಗೆ ಸಾಗಿಸಿದಳು. ಸರ್ಕಾರದ ಮೊಹರಿನ ಪಕ್ಕದಲ್ಲಿ ಬದನೆಕಾಯಿ ಇಡುವುದು ಅವಳಿಗೆ ಸರಿಕಾಣಲಿಲ್ಲ.

ತರಕಾರಿಯ ಹಿಂದೆಯೇ ಸುದ್ದಿಯೂ ಡ್ರಿಲ್ ಮೇಷ್ಟ್ರ ಮನೆ ಸೇರಿತು. ನಿವೃತ್ತರಾಗಿ ಆರು ವರ್ಷವಾದರೂ ಕೊರಳಲ್ಲಿ ಸೀಟಿ ಬಿಡದ ಮೇಷ್ಟ್ರಿಗೆ ಬಹಳ ಅವಮಾನವಾಯಿತು.

"ಇಪ್ಪತ್ತೆಂಟು ವರ್ಷ ಸರ್ಕಾರದ ಸೀಟಿ ಊದಿದವನು ನಾನು. ಸರ್ಕಾರದ ಗುಟ್ಟು ಇಡೋಕೆ ಅವರಿಗೆ ನಿನ್ನ ಫ್ರಿಜ್ಜು ಬೇಕಾಯ್ತಾ? ನಂಗೆ ನಿನ್ನ ಬದನೆಕಾಯಾ?"

ಆದರೂ ಕರ್ತವ್ಯ ಕರ್ತವ್ಯವೇ. ಗುರುವಾರದಿಂದ ಮೇಷ್ಟ್ರು ಟೈಲರ್ ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ದಫ್ತರಪ್ಪ ಬೆಳಿಗ್ಗೆ ಸಂಜೆ ಬಂದು, ಯಾರನ್ನೂ ಮಾತಾಡಿಸದೆ ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು, ಐದು ಡಿಗ್ರಿ ದಾಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ರಿಜಿಸ್ಟರಿನಲ್ಲಿ ಹೊತ್ತು ಬರೆದು ಸಹಿ ಹಾಕಿ ಹೋಗುತ್ತಿದ್ದ. ರವಿಕೆ ಹೊಲಿಸಲು ಬಂದವರೆಲ್ಲ ಇದನ್ನು ನೋಡಿದರು. ಅದು ಹೊಸ ಔಷಧಿ ಎಂದರು ಒಬ್ಬರು. ಬಿಸಿ ತಾಗಿದರೆ ಅಕ್ಷರ ಮಾಯವಾಗುವ ಪುರಾತನ ಹಕ್ಕುಪತ್ರ ಎಂದರು ಇನ್ನೊಬ್ಬರು. ಮೂರನೆಯವರು ಅರ್ಧ ಹೊಲಿದ ರವಿಕೆಯನ್ನೇ ವಾಪಸು ತೆಗೆದುಕೊಂಡು ಹೋದರು.

ಶುಕ್ರವಾರ ಸಂಜೆ ಟೈಲರ್ ಅಕ್ಕನಿಗೆ ತಡೆಯಲಾಗಲಿಲ್ಲ. ಒಂದೇ ಒಂದು ಬೆರಳಿನಿಂದ ಪೊಟ್ಟಣವನ್ನು ಒತ್ತಿ ನೋಡಿದಳು. ಬೆರಳು ಒಳಗೆ ಹೋಯಿತು.

"ಮೇಷ್ಟ್ರೇ! ಬುಧವಾರ ಕಲ್ಲಿನ ಥರ ಇತ್ತು. ಈಗ ಮೆತ್ತಗಾಗಿದೆ!"

ಮೇಷ್ಟ್ರೂ ಒತ್ತಿದರು. ಇಬ್ಬರೂ ಸೋಪಿನಲ್ಲಿ ಕೈ ತೊಳೆದರು. "ಒಳಗಿಂದ ಕರಗ್ತಾ ಇದೆ" ಎಂದು ಮೇಷ್ಟ್ರು ತೀರ್ಮಾನ ಕೊಟ್ಟರು.

"ಅಯ್ಯೋ, ಸರ್ಕಾರದ ವಸ್ತು ನನ್ನ ಮನೇಲಿ ಕರಗಿ ನೀರಾಗೋದ್ರೆ ನನ್ನ ಗತಿ ಏನು? ಮಿಷನ್ ಜಪ್ತಿ ಮಾಡ್ತಾರಾ?"

"ಹೆದರಬೇಡ. ನಾವಾಗೇ ವರದಿ ಮಾಡಿದ್ರೆ ತಪ್ಪು ನಮ್ಮದಲ್ಲ" ಎಂದರು ಮೇಷ್ಟ್ರು. ಎರಡು ದಿನದಿಂದ ಈ ಕ್ಷಣಕ್ಕೇ ಕಾದಿದ್ದವರಂತೆ ಅವರ ಮುಖ ಅರಳಿತ್ತು.

ಶನಿವಾರ ದಫ್ತರಪ್ಪ ರಜೆ ಹಾಕಿ, ಹಸಿಗೊಂದು ಬೆಂದದ್ದಕ್ಕೊಂದು ಎಂದು ಎರಡನೆಯ ಮಣೆ ತರಲು ಪೇಟೆಗೆ ಹೋದ. ಅಷ್ಟು ಹೊತ್ತಿಗೆ ಮೇಷ್ಟ್ರು ಅವನ ಕಚೇರಿಯ ಸೂಪರಿಂಟೆಂಡೆಂಟರ ಮೇಜಿನ ಮುಂದೆ ಅಟೆನ್ಷನ್ನಿನಲ್ಲಿ ನಿಂತಿದ್ದರು. ಸೂಪರಿಂಟೆಂಡೆಂಟರು ನಿಯಮದ ಮನುಷ್ಯ. ಸೀನುವುದಕ್ಕೂ ಯಾವುದೋ ಕಲಮು ಇದೆಯೆಂದು ನಂಬಿದವರು. ಕಚೇರಿಯ ಮೊಹರಿರುವ ವಸ್ತು ಖಾಸಗಿ ಫ್ರಿಜ್ಜಿನಲ್ಲಿದೆ ಎಂದು ಕೇಳಿ ಅವರು ತಾವೇ ಆಟೋ ಹಿಡಿದು ಬಂದರು. ಟೈಲರ್ ಅಕ್ಕನಿಂದ ಸಹಿ ಪಡೆದು, ಟ್ರೇ ಸಮೇತ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಚೇರಿಗೆ ಒಯ್ದರು.

ಮಣೆ ಹಿಡಿದು ಮರಳಿದ ದಫ್ತರಪ್ಪ ಖಾಲಿ ಕೆಳತಟ್ಟೆಯನ್ನು ನೋಡಿ ಬೆವರಿದ.

"ಎಷ್ಟು ಹೊತ್ತಿಗೆ ತಗೊಂಡು ಹೋದ್ರು?"

"ಹತ್ತು ಇಪ್ಪತ್ತಕ್ಕೆ. ಸಹಿ ಪಕ್ಕದಲ್ಲೇ ಬರೆಸ್ಕೊಂಡ್ರು" ಎಂದಳು ಟೈಲರ್ ಅಕ್ಕ.

ಗಂಟೆ ಹನ್ನೊಂದೂ ಕಾಲು. ದಫ್ತರಪ್ಪ ಓಡಿದ. ದಾರಿಯಲ್ಲಿ ನೋಡಿದವರು ಮಣೆ ಹಿಡಿದು ಯಾರನ್ನೋ ಹೊಡೆಯಲು ಹೊರಟಿದ್ದಾನೆಂದು ಜಾಗ ಬಿಟ್ಟರು.

ಕಚೇರಿಯಲ್ಲಿ ಟರ್ಕಿ ಕೋಳಿ ಸೂಪರಿಂಟೆಂಡೆಂಟರ ಮೇಜಿನ ಮೇಲೆ, ಕಿಟಕಿಯ ಬಿಸಿಲಿಗೆ ಮೈಯೊಡ್ಡಿ ಕೂತಿತ್ತು. ಅವರು ಮಹಜರು ಬರೆಯುತ್ತಿದ್ದರು. ಡ್ರಿಲ್ ಮೇಷ್ಟ್ರು ಮೊದಲ ಸಾಕ್ಷಿ.

"ಸಾರ್, ಅದನ್ನ ಮೊದಲು ತಣ್ಣಗಿರೋ ಕಡೆ ಇಡಿ ಸಾರ್!"

"ಮೊದಲು ಕೂತ್ಕೊಳ್ಳಿ. ಮೊಹರು ಒಡೆಯೋಕೆ ಇಬ್ಬರು ಸಾಕ್ಷಿ ಬೇಕು. ಎರಡನೇ ಸಾಕ್ಷಿ ಟೀಗೆ ಹೋಗಿದಾರೆ."

"ಅದು ಹೊರಗಿರಬಾರದು ಸಾರ್. ಕೆಟ್ಟುಹೋಗುತ್ತೆ."

"ದಾಖಲೆ ಕೆಡಲ್ಲ ರೀ. ನೂರು ವರ್ಷದ್ದೇ ಕೆಟ್ಟಿಲ್ಲ."

ಎರಡನೆಯ ಸಾಕ್ಷಿಯಾಗಬೇಕಾಗಿದ್ದ ಟೈಪಿಸ್ಟು ಟೀ ಮುಗಿಸಿ ಬಂದಾಗ ಹನ್ನೆರಡಾಗಲು ಹತ್ತು ನಿಮಿಷ. ಸೂಪರಿಂಟೆಂಡೆಂಟರು ಲೇಖನಿ ಎತ್ತಿ ಕೇಳಿದರು: "ಈಗ ಹೇಳಿ. ಇದರೊಳಗೆ ಇರೋದೇನು?"

ದಫ್ತರಪ್ಪ ಮೇಷ್ಟ್ರನ್ನು ನೋಡಿದ. ಗಡಿಯಾರವನ್ನು ನೋಡಿದ. ಮರ್ಯಾದೆ, ಹಕ್ಕಿ ಎರಡರಲ್ಲಿ ಒಂದನ್ನಾದರೂ ಉಳಿಸಿಕೊಳ್ಳೋಣವೆಂದು ಬಾಯಿಬಿಟ್ಟ.

"ಟರ್ಕಿ ಕೋಳಿ ಸಾರ್."

ಸೂಪರಿಂಟೆಂಡೆಂಟರು ಬರೆದುಕೊಂಡರು. "ಯಾವ ವರ್ಷದ್ದು?"

"ಈ ವಾರದ್ದು ಸಾರ್."

ಲೇಖನಿ ನಿಂತಿತು. ಮೊಹರು ಒಡೆಯಿತು. ಕಾಗದ ಬಿಚ್ಚಿತು. ಐದು ಕಿಲೋ ಟರ್ಕಿ ಕೋಳಿ ಸಾಕ್ಷಿಗಳ ಸಮಕ್ಷಮ ಕಾಲು ಚಾಚಿ ಮಲಗಿತ್ತು. ಗುಡ್ಡ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ ಇದು ಇಲಿಗಿಂತ ಬಹಳ ದೊಡ್ಡದಾಗಿತ್ತು. ಟೈಪಿಸ್ಟು ಬಾಯಿಗೆ ಕರ್ಚೀಫು ಒತ್ತಿಕೊಂಡು ಹೊರಗೆ ಓಡಿದಳು. ಅವಳ ನಗು ಮೂರು ಕೋಣೆಯಾಚೆಗೂ ಕೇಳಿಸಿತು. ಮೇಷ್ಟ್ರಿಗೆ ನಗು ಬರಲಿಲ್ಲ. ಎರಡು ದಿನ ತಾವು ಕಾವಲು ಕಾದದ್ದು ಕೋಳಿಗೆ ಎಂಬುದನ್ನು ಅರಗಿಸಿಕೊಳ್ಳಲು ಅವರಿಗೆ ಸಮಯ ಬೇಕಿತ್ತು.

"ಇದರ ರಿಜಿಸ್ಟರ್ ಇದೆಯಾ?" ಎಂದರು ಸೂಪರಿಂಟೆಂಡೆಂಟರು.

ದಫ್ತರಪ್ಪ ಹೆಗಲ ಚೀಲದಿಂದ ರಿಜಿಸ್ಟರ್ ತೆಗೆದು ಕೊಟ್ಟ. ಅವರು ಮೊದಲ ಪುಟದಿಂದ ಓದತೊಡಗಿದರು. ಹೊತ್ತು, ಡಿಗ್ರಿ, ಸಹಿ. ಎಲ್ಲಿಯೂ ಒಂದು ತಿದ್ದುಪಡಿಯಿಲ್ಲ, ಒಂದು ಸಾಲು ಬಿಟ್ಟಿಲ್ಲ. ಓದುತ್ತ ಓದುತ್ತ ಅವರ ಮುಖ ಮೃದುವಾಯಿತು.

"ರೀ, ಇಪ್ಪತ್ತೆರಡು ವರ್ಷದಲ್ಲಿ ಆಫೀಸಿನ ಒಂದು ರಿಜಿಸ್ಟರಾದರೂ ಹೀಗೆ ಇಟ್ಟಿದೀರಾ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಮೊಹರಿನ ದುರುಪಯೋಗಕ್ಕೆ ಸೋಮವಾರ ಸಮಜಾಯಿಷಿ ಬರೆದುಕೊಡಬೇಕೆಂದು ಹೇಳಿ, ಹಕ್ಕಿ ತಲುಪಿದ್ದಕ್ಕೆ ಮೂರು ಪ್ರತಿಯಲ್ಲಿ ಸ್ವೀಕೃತಿ ಬರೆಸಿಕೊಂಡು, ಅವರು ಅದನ್ನು ಬಿಟ್ಟುಕೊಟ್ಟರು. ಮೂರನೆಯ ಪ್ರತಿಗೆ ಸಹಿ ಬಿದ್ದಾಗ ಗಂಟೆ ಹನ್ನೆರಡು ಮೂವತ್ತೆರಡು.

ದಫ್ತರಪ್ಪ ಬೆರಳೆಣಿಸಿದ. ಎರಡು ಗಂಟೆ ಹನ್ನೆರಡು ನಿಮಿಷ.

"ಹೋಯ್ತು" ಎಂದ.

"ಏನು ಹೋಯ್ತು?"

"ಎರಡು ಗಂಟೆ ಮೀರಿಹೋಯ್ತು ಸಾರ್. ಬಿಸಾಡಬೇಕು."

"ಹನ್ನೆರಡು ನಿಮಿಷಕ್ಕಾ?" ಸೂಪರಿಂಟೆಂಡೆಂಟರಿಗೆ ಆ ಹಕ್ಕಿಯ ಮೇಲೆ ಈಗ ಒಂದು ಬಗೆಯ ಮಮತೆ ಹುಟ್ಟಿತ್ತು. ಸುತ್ತ ನೋಡಿ, ದನಿ ತಗ್ಗಿಸಿ, ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಹೇಳಬಾರದ್ದನ್ನು ಹೇಳಿದರು: "ರಿಜಿಸ್ಟರ್ ನಿಮ್ಮ ಕೈಲೇ ಇದೆಯಲ್ರೀ. ಹನ್ನೆರಡೂ ಕಾಲು ಅಂತ ಬರೀರಿ. ಹಕ್ಕಿ ಬಂದು ಸಾಕ್ಷಿ ಹೇಳುತ್ತಾ?"

"ಬರ್ಕೊಳ್ಳಿ ಮಾರಾಯ್ರೇ" ಎಂದರು ಮೇಷ್ಟ್ರೂ. "ಅಂಥಾ ಹಕ್ಕಿ!"

ದಫ್ತರಪ್ಪ ಲೇಖನಿ ತೆರೆದ. ಇಂಥ ಹದಿನೇಳು ನಿಮಿಷಗಳನ್ನು ಅವನು ಹಾಜರಿ ಪುಸ್ತಕದಲ್ಲಿ ಎಷ್ಟೋ ಸಲ ನುಂಗಿದ್ದ, ಒಂದೂ ಗಂಟಲಲ್ಲಿ ಸಿಕ್ಕಿಕೊಂಡಿರಲಿಲ್ಲ. ಆದರೆ ಈಗ ಅವನಿಗೆ ಹೆಂಡತಿ ಸಿಂಕಿನ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿತು. ಹನ್ನೆರಡು ಮೂವತ್ತೆರಡು ಎಂದು ಬರೆದ. ಷರಾ ಎಂಬ ಕಡೆ "ವಿಲೇವಾರಿ ಮಾಡಲಾಯಿತು" ಎಂದು ಬರೆದು, ಹಕ್ಕಿಯನ್ನು ಹೊತ್ತುಕೊಂಡು ಹೋಗಿ ಬೀದಿಯ ಕೊನೆಯ ಕಸದ ತೊಟ್ಟಿಗೆ ಹಾಕಿದ. ಅವನಿಗೆ ಅಳು ಬಂತು. ಬೀದಿಯಲ್ಲಿ ಟರ್ಕಿ ಕೋಳಿಗಾಗಿ ಅಳುವುದು ಚೆನ್ನಾಗಿರುವುದಿಲ್ಲವೆಂದು ಮೂಗು ಸೀಟಿಕೊಂಡು ಮನೆಗೆ ಬಂದ.

ಹೆಂಡತಿ ಎಲ್ಲ ಕೇಳಿದಳು. ಸಮಾಧಾನಕ್ಕೆಂದು ಒಂದು ಪ್ರಶ್ನೆ ಕೇಳಿದಳು: "ಅಷ್ಟು ದೊಡ್ಡದು ನಮ್ಮ ಓವನ್ನಿಗೆ ಹಿಡೀತಿತ್ತಾ?"

ದಫ್ತರಪ್ಪ ಎದ್ದು ಅಳತೆ ಪಟ್ಟಿ ತಂದು ಓವನ್ ಅಳೆದ. ಹಿಡಿಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಉಳಿದ ಎರಡು ಹಕ್ಕಿಗಳು ಒಲೆ ಸೇರಿದವು. ತೊಳೆಯದೆ ಬೇಯಿಸುವುದೇ ಎಂದು ಹೆಂಡತಿ ಮೂಗು ಮುರಿದಳು. ದಫ್ತರಪ್ಪ ಕಂಡಿಕೆ ತೋರಿಸಿದ. ಬಾತುಕೋಳಿಯ ಚರ್ಮಕ್ಕೆ ಅಲ್ಲಲ್ಲಿ ಗೀರು ಹಾಕಿ, ಸಣ್ಣ ಉರಿಯಲ್ಲಿ ಅದರ ಕೊಬ್ಬೆಲ್ಲ ಕರಗಿ ಇಳಿಯುವಂತೆ ಬಿಟ್ಟ. ಕೋಳಿ ಇಡಿಯಾಗಿ ಓವನ್ನಿಗೆ ಹೋಯಿತು. ಒಂದು ಗಂಟೆಯ ಮೇಲೆ ಹೊಂಬಣ್ಣವೇರಿ ಘಮಘಮಿಸಿತು. ಕಳೆದ ವರ್ಷ ಇದೇ ಬಣ್ಣ ನೋಡಿ ಮೋಸಹೋದವನು ಈ ಸಲ ತೊಡೆಗೆ ಥರ್ಮಾಮೀಟರ್ ಚುಚ್ಚಿದ. ಎಪ್ಪತ್ತಮೂರು.

"ಒಂದು ಡಿಗ್ರಿ ತಾನೇ ರೀ?"

"ಒಂದು ಮಾರ್ಕು ಕಡಿಮೆಯಾದ್ರೂ ನಪಾಸೇ" ಎಂದು ಅವನು ಕೋಳಿಯನ್ನು ಒಳಗೆ ತಳ್ಳಿದ. ಮುಂದಿನ ಸಲ ಎಪ್ಪತ್ತೇಳು ಬಂತು. ಬಾತುಕೋಳಿಯೂ ಪಾಸಾಯಿತು. ಪಾಸಾದ ಎರಡಕ್ಕೂ ಹೊಸ ಮಣೆ ಕೊಟ್ಟ.

ಹನ್ನೆರಡೂವರೆಗೆ ನೆಂಟರು ಬಂದರು, ಒಂಬತ್ತೂ ಜನ. ಊಟ ಮುಗಿಸಿಯೇ ಬಂದಿದ್ದರು. ಷಡ್ಡಕ ಇನ್ನೂ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಮೆಟ್ಟಿಲ ಬುಡದಲ್ಲೇ ಅವರನ್ನು ಟೈಲರ್ ಅಕ್ಕ ಹಿಡಿದಳು.

"ನಿಮ್ಮ ಅಳಿಯನಿಗೆ ತಲೆ ಸರಿ ಇದೆಯಾ ಅಮ್ಮಾ? ನನ್ನ ಫ್ರಿಜ್ಜಲ್ಲಿ ಮೂರು ದಿನ ಮಗು ಥರ ನೋಡ್ಕೊಂಡೆ. ಅಷ್ಟು ದೊಡ್ಡ ಹಕ್ಕಿ! ಹನ್ನೆರಡು ನಿಮಿಷ ಹೆಚ್ಚು ಹೊರಗಿತ್ತು ಅಂತ ತೊಟ್ಟಿಗೆ ಹಾಕ್ಬಿಟ್ರು!"

"ನಾನೇ ಕಣ್ಣಾರೆ ಕಂಡೆ" ಎಂದು ಡ್ರಿಲ್ ಮೇಷ್ಟ್ರು ಎದುರು ಬಾಗಿಲಿನಿಂದ ಸೇರಿಸಿದರು. "ಸಾಹೇಬರೇ ಸುಳ್ಳು ಬರೀರಿ ಅಂದ್ರು. ಬರೀಲಿಲ್ಲ. ಇಂಥ ಹುಚ್ಚನ್ನ ನಾನು ಕಂಡಿಲ್ಲ."

ಮೇಲಿನ ಬಾಗಿಲಲ್ಲಿ ನಿಂತಿದ್ದ ದಫ್ತರಪ್ಪನಿಗೆ ಒಂದೊಂದು ಮಾತೂ ಕೇಳಿಸಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಏದುಸಿರು ಬಿಡುತ್ತಾ ಹತ್ತಿ ಬಂದು ಕುರ್ಚಿಯಲ್ಲಿ ಕೂತರು. "ಊಟ ಆಯ್ತು" ಎಂಬ ಮಾತಿಗೆ ಎಲ್ಲರೂ ಕಾದರು. ಅದು ಬರಲಿಲ್ಲ.

"ಹನ್ನೆರಡು ನಿಮಿಷಕ್ಕಾ ಅಳಿಯಂದ್ರೇ?"

"ಹೌದತ್ತೆ."

"ಗಡಿಯಾರ ಮುಂದಿತ್ತೋ ಏನೋ."

"ಎರಡು ಗಡಿಯಾರ ನೋಡ್ದೆ ಅತ್ತೆ."

ಅತ್ತೆ ಮಗಳ ಕಡೆ ತಿರುಗಿ, "ತಟ್ಟೆ ಹಾಕಮ್ಮ" ಎಂದರು.

"ಅಮ್ಮಾ, ಈಗ ತಾನೇ ಉಂಡು…" ಎಂದ ಷಡ್ಡಕನ ಹೆಂಡತಿಗೆ "ಇನ್ನೊಂದು ಸಲ ಉಣ್ಣು" ಎಂದು ಗದರಿದರು. ಹಿರಿಯರು ಕೂತ ಮೇಲೆ ಕಿರಿಯರು ನಿಲ್ಲುವಂತಿಲ್ಲ. ಒಂಬತ್ತೂ ಜನ ಸಾಲಾಗಿ ಕೂತರು. ಮೊದಲ ತುತ್ತು ಹೆದರಿ ತಿಂದರು, ಎರಡನೆಯದು ನಾಚಿಕೆಗೆ ತಿಂದರು, ಆಮೇಲಿನದೆಲ್ಲ ರುಚಿಗೆ. ಷಡ್ಡಕ ಬಾತುಕೋಳಿಯ ಕೊನೆಯ ತುಂಡಿಗಾಗಿ ತನ್ನ ಮಗಳ ಜೊತೆ ಜಗಳವಾಡಿದ. ಹೆಂಡತಿ ಬಡಿಸುತ್ತಾ ಬಡಿಸುತ್ತಾ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತು ಬಂದಳು. ಬಂದಾಗ ಕಣ್ಣು ಕೆಂಪಗಿದ್ದವು. ದಫ್ತರಪ್ಪನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಆದರೆ ಹಕ್ಕಿಯ ತೀರ್ಪು ಬರುವುದು ಮರುದಿನ ಬೆಳಿಗ್ಗೆ. ಸೋಮವಾರ ಏಳೂವರೆಗೆ ಫೋನು ಬಡಿದುಕೊಂಡಿತು. ಕಚೇರಿಗೆ ಕೊಡಬೇಕಾದ ಸಮಜಾಯಿಷಿ ಬರೆಯುತ್ತಿದ್ದ ದಫ್ತರಪ್ಪನ ಕೈ ಕಾಗದದ ಮೇಲೇ ನಿಂತಿತು. ಫೋನೆತ್ತುವ ಧೈರ್ಯವಾಗಲಿಲ್ಲ. ಹೆಂಡತಿ ಎತ್ತಿದಳು.

"ಹೇಳಮ್ಮ… ಏನು, ಹೊಟ್ಟೆನಾ?… ಎಲ್ಲರಿಗೂನಾ?"

ದಫ್ತರಪ್ಪ ರಿಜಿಸ್ಟರ್ ತೆಗೆದು ಎಪ್ಪತ್ತೇಳು ಡಿಗ್ರಿಯ ಸಾಲನ್ನು ಹುಡುಕಿದ.

"ಯಾವಾಗಿಂದ?… ನಿನ್ನೆ ಸಂಜೆಯಿಂದಲೇ?… ಭಾವನಿಗೆ ಏಳೋಕೇ ಆಗ್ತಿಲ್ವಾ?… ಅಯ್ಯೋ ದೇವರೇ…"

ಅವನು ರಿಜಿಸ್ಟರ್ ಮುಚ್ಚಿದ. ಎಪ್ಪತ್ತೇಳು ಡಿಗ್ರಿ, ಎರಡು ಮಣೆ, ಸೋಪು, ರಿಜಿಸ್ಟರು, ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದುಕೊಂಡ. ಹೆಂಡತಿ ಇನ್ನೂ ಬಹಳ ಹೊತ್ತು ಹೂಂಗುಟ್ಟಿ, ಫೋನಿಟ್ಟು ಅವನ ಕಡೆ ತಿರುಗಿದಳು.

"ಅಮ್ಮ. ಎಲ್ಲರಿಗೂ ಹೊಟ್ಟೆ ಭಾರವಂತೆ."

"ಡಾಕ್ಟರು ಏನಂದ್ರಂತೆ?" ದಫ್ತರಪ್ಪನ ದನಿ ಬಾವಿಯೊಳಗಿಂದ ಬಂತು.

"ಡಾಕ್ಟರು ಯಾಕೆ? ಒಂದೇ ಮಧ್ಯಾಹ್ನ ಎರಡೆರಡು ಊಟ ಮಾಡಿದ್ರೆ ಇನ್ನೇನಾಗುತ್ತೆ ಅಂತ ಅಮ್ಮ ಎಲ್ಲರಿಗೂ ಬೈತಿದಾರೆ." ಅವಳು ನಗುತ್ತಿದ್ದಳು. ಒಂದು ವರ್ಷದಿಂದ ಆ ನಗುವನ್ನು ಅವನು ನೋಡಿರಲಿಲ್ಲ. "ಮುಂದಿನ ಭಾನುವಾರ ಮತ್ತೆ ಬರ್ತಾರಂತೆ. ಹಸ್ಕೊಂಡು ಬರ್ತಾರಂತೆ."